ಆಸ್ಪತ್ರೆ ಬೋರ್ಡಿಗೆ ಹೆಡ್‌ಶಾಟ್ ತೆಗೆಸಬೇಕು, ಸಿಗುವುದು ಹತ್ತೇ ನಿಮಿಷ. ಹೇಗೆ ತಯಾರಾಗಲಿ?

ಪಥ್ಯದ_ಮನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಡಯಟಿಷಿಯನ್. ವಯಸ್ಸು 41. ಮುಂದಿನ ಗುರುವಾರ ನಮ್ಮಲ್ಲಿಗೆ ಬೆಂಗಳೂರಿನಿಂದ ಫೋಟೋಗ್ರಾಫರ್ ಬರುತ್ತಿದ್ದಾರೆ. ಹೊಸ ವೆಬ್‌ಸೈಟ್‌ಗೆ, ಮತ್ತೆ ಓಪಿಡಿ ಮುಂದೆ ಹಾಕುವ ಬೋರ್ಡಿಗೆ ಎಲ್ಲರ ಹೆಡ್‌ಶಾಟ್, ಅಂದರೆ ಎದೆಯಿಂದ ಮೇಲಿನ ಫೋಟೋ, ಬೇಕಂತೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ನನ್ನ ಸರದಿ ಬೆಳಗ್ಗೆ 11.20ಕ್ಕೆ. ಅದೇ ಫೋಟೋವನ್ನು ಲಿಂಕ್ಡ್‌ಇನ್‌ಗೂ ಹಾಕಿಕೊಳ್ಳೋಣ ಅಂತ ಇದ್ದೇನೆ, ಅಲ್ಲಿ ಈಗ ಇರುವುದು ನನ್ನ ತಂಗಿ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ ತುಂಡು, ಪಕ್ಕದಲ್ಲಿ ಯಾರದೋ ಭುಜ ಕಾಣಿಸುತ್ತದೆ.

ನನ್ನ ತೊಂದರೆಗಳನ್ನು ಹೇಳುತ್ತೇನೆ. ಮೊದಲನೆಯದು ಕನ್ನಡಕ. ಪವರ್ ಜಾಸ್ತಿ ಇದೆ, ಫ್ಲ್ಯಾಶ್ ಹೊಡೆದರೆ ಕಣ್ಣೇ ಕಾಣುವುದಿಲ್ಲ, ಎರಡು ಹಸಿರು ಬಿಲ್ಲೆ ಕಾಣಿಸುತ್ತವೆ. ಎರಡನೆಯದು, ಸೀರೆ ಮೇಲೆ ಬಿಳಿ ಕೋಟು ಹಾಕಿಕೊಂಡೇ ಬರಬೇಕು ಅಂದಿದ್ದಾರೆ. ಯಾವ ಬಣ್ಣದ ಸೀರೆ ಉಡಲಿ ಗೊತ್ತಾಗುತ್ತಿಲ್ಲ. ಮೂರನೆಯದು, ಕ್ಯಾಮೆರಾ ನೋಡಿದ ತಕ್ಷಣ ನನ್ನ ಮುಖ ಬಿಗಿದುಕೊಳ್ಳುತ್ತದೆ. ರೋಗಿಗಳ ಹತ್ತಿರ ಮಾತಾಡುವಾಗ ಚೆನ್ನಾಗಿಯೇ ನಗುತ್ತೇನೆ, ಫೋಟೋದಲ್ಲಿ ಮಾತ್ರ ಯಾರ ಮೇಲೋ ಕೋಪ ಮಾಡಿಕೊಂಡ ಹಾಗೆ ಇರುತ್ತೇನೆ.

ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಮೈಬಣ್ಣ ಕಪ್ಪು. ಮದುವೆಗೆ ಗಂಡು ನೋಡುತ್ತಿದ್ದ ಸಮಯದಲ್ಲಿ ಊರಿನ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದೆವು. ನಮ್ಮನ್ನು ಒಂದು ಮಾತೂ ಕೇಳದೆ ಮುಖವನ್ನು ಬೆಳ್ಳಗೆ ಮಾಡಿ ಕೊಟ್ಟಿದ್ದರು. ಕೈ ಮಾತ್ರ ನನ್ನ ಬಣ್ಣದಲ್ಲೇ ಇತ್ತು. ಆ ಫೋಟೋ ನೋಡಿ ಬಂದ ಒಬ್ಬ ಹುಡುಗನ ಚಿಕ್ಕಮ್ಮ, ನಾನು ಕಾಫಿ ತಂದು ಇಟ್ಟಾಗ, ಪರ್ಸಿನಿಂದ ಫೋಟೋ ತೆಗೆದು ಒಂದು ಸಲ ಅದನ್ನು, ಒಂದು ಸಲ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಅಮ್ಮ ಆ ಫೋಟೋವನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದರು, ಇವತ್ತಿಗೂ ಅಲ್ಲೇ ಇದೆ. ಆ ನೋಟ ನನಗೆ ಇನ್ನೂ ಮರೆತಿಲ್ಲ. ಈ ಸಲ ಬೋರ್ಡಿನ ಮೇಲೆ ಇರುವವಳು ನಾನೇ ಆಗಿರಬೇಕು. ಬೋರ್ಡ್ ನೋಡಿ ಒಳಗೆ ಬಂದ ರೋಗಿ ನನ್ನನ್ನು ಗುರುತು ಹಿಡಿಯಬೇಕು.

ಒಂದು ವಾರ ಸಮಯ ಇದೆ. ಏನು ಮಾಡಲಿ, ಏನು ಮಾಡಬಾರದು, ಗೊತ್ತಿರುವವರು ದಯವಿಟ್ಟು ಹೇಳಿ.


ಬೆಳಕು_ನೆರಳು ಬರೆದದ್ದು:

ಮೇಡಂ, ನಾನು ಮೈಸೂರಿನಲ್ಲಿ 18 ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಕಾಲೇಜು, ಆಸ್ಪತ್ರೆ, ಕಂಪನಿಗಳಿಗೆ ಹೋಗಿ ಒಂದೇ ದಿನ 40-50 ಜನರ ಹೆಡ್‌ಶಾಟ್ ತೆಗೆದದ್ದೂ ಇದೆ. ಹತ್ತು ನಿಮಿಷ ಕಡಿಮೆ ಅಲ್ಲ. ಸೆರಗು ಸರಿ ಮಾಡುವುದು, ಕನ್ನಡಕ ಒರೆಸುವುದು, ಕೂದಲು ಬಾಚುವುದು ಇದರಲ್ಲೇ ಆರು ನಿಮಿಷ ಹೋದರೆ ಮಾತ್ರ ಕಡಿಮೆ ಆಗುತ್ತದೆ. ಆ ಕೆಲಸ ಎಲ್ಲ ಮುಗಿಸಿಕೊಂಡು 11.10ಕ್ಕೇ ಹೋಗಿ ಕುಳಿತುಕೊಳ್ಳಿ. ನಿಮ್ಮ ಮುಂಚೆ ಇರುವವರ ಫೋಟೋ ತೆಗೆಯುವುದನ್ನು ನೋಡಿ. ಲೈಟ್ ಎಲ್ಲಿದೆ, ಅವರು ಹೇಗೆ ಮಾತಾಡುತ್ತಾರೆ ಅನ್ನುವುದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಬಣ್ಣದ ವಿಷಯವನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದು ನನಗೂ ಬಹಳ ಮುಖ್ಯ. ಕಪ್ಪು ಮೈಬಣ್ಣ ಫೋಟೋದಲ್ಲಿ ಮಂಕಾಗಿ ಬಂದರೆ ತಪ್ಪು ಬೆಳಕಿನದು, ಚರ್ಮದ್ದಲ್ಲ. ಕಲರ್ ಫಿಲ್ಮ್ ಕಾಲದಿಂದ ಬಂದ ತೊಂದರೆ ಇದು. 1950ರ ದಶಕದಿಂದ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಕಾರ್ಡ್ ಕೊಡುತ್ತಿತ್ತು. ಶರ್ಲಿ ಕಾರ್ಡ್ ಅಂತ ಅದರ ಹೆಸರು. ಅದರ ಮೇಲೆ ಇದ್ದದ್ದು ಬಿಳಿ ಮೈಬಣ್ಣದ ಹೆಂಗಸಿನ ಫೋಟೋ. ಆ ಚರ್ಮ ಸರಿಯಾಗಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ನಮ್ಮಂಥವರ ಮುಖ ಹೇಗೆ ಬರುತ್ತದೆ ಅಂತ ನೋಡುವ ಕಾರ್ಡೇ ಬಹಳ ವರ್ಷ ಇರಲಿಲ್ಲ. ಈಗ ಕಾಲ ಬದಲಾಗಿದೆ, 2022ರಲ್ಲಿ ಹಾರ್ವರ್ಡ್‌ನ ಎಲ್ಲಿಸ್ ಮಾಂಕ್ ಅವರ ಜೊತೆ ಸೇರಿ ಗೂಗಲ್ 10 ಮೈಬಣ್ಣಗಳ ಅಳತೆಪಟ್ಟಿಯನ್ನೇ ಹೊರಗೆ ತಂದಿದೆ. ಆದರೆ ಬೆಳ್ಳಗೆ ಮಾಡುವ ಚಾಳಿ ನಮ್ಮ ಕೆಲಸದವರಲ್ಲಿ ಇನ್ನೂ ಪೂರ್ತಿ ಹೋಗಿಲ್ಲ, ಕಾರಣ ಗಿರಾಕಿಗಳೂ ಅದನ್ನೇ ಕೇಳುತ್ತಾರೆ ಅಂತ ನಾವೇ ಅಂದುಕೊಂಡುಬಿಟ್ಟಿದ್ದೇವೆ. ಹಾಗಾಗಿ ನೀವು ಕುಳಿತ ಕೂಡಲೇ ಬಾಯಿಬಿಟ್ಟು ಹೇಳಿ: "ಸರ್, ಬಣ್ಣ ತಿಳಿ ಮಾಡಬೇಡಿ. ನನ್ನ ಬಣ್ಣ ಹೇಗಿದೆಯೋ ಹಾಗೇ ಇರಲಿ." ಟಚ್ ಮಾಡುವಾಗ, ಅಂದರೆ ತೆಗೆದ ಫೋಟೋವನ್ನು ಆಮೇಲೆ ತಿದ್ದುವಾಗ, ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಎರಡು ವಾರದಲ್ಲಿ ತಾನಾಗೇ ಹೋಗುವ ಮೊಡವೆ, ತರಚಿದ ಗಾಯ ತೆಗೆಯಬಹುದು. ಮಚ್ಚೆ, ಹಳೇ ಕಲೆ, ಕಣ್ಣಂಚಿನ ಗೆರೆ ಮುಟ್ಟಬಾರದು. ಅದನ್ನೂ ಅವರಿಗೆ ಹೇಳಿಬಿಡಿ.

ಬಿಳಿ ಕೋಟಿನ ತೊಂದರೆ ಏನು ಅಂದರೆ, ಕ್ಯಾಮೆರಾ ಆಟೋದಲ್ಲಿ ಇದ್ದರೆ ಆ ಬಿಳಿಯನ್ನು ನೋಡಿ ಇಡೀ ಫೋಟೋ ಬೆಳಕನ್ನು ಇಳಿಸುತ್ತದೆ, ಆಗ ಮುಖ ಕಪ್ಪಾಗುತ್ತದೆ. ಕೆಲಸ ಗೊತ್ತಿರುವವರು ಮುಖಕ್ಕೆ ಬೆಳಕು ಅಳೆದು ಮ್ಯಾನುಯಲ್‌ನಲ್ಲಿ, ಅಂದರೆ ಕ್ಯಾಮೆರಾವನ್ನು ತಾವೇ ಹೊಂದಿಸಿಕೊಂಡು, ತೆಗೆಯುತ್ತಾರೆ. ನಿಮ್ಮ ಕೈಯಲ್ಲಿರುವುದು ಕೋಟಿನ ಗುಂಡಿ. ಗುಂಡಿ ಹಾಕಬೇಡಿ. ಮುಂದೆ ಬಿಟ್ಟಿದ್ದರೆ ಸೀರೆಯ ಬಣ್ಣ ಒಂದು ಪಟ್ಟಿಯಾಗಿ ಕುತ್ತಿಗೆವರೆಗೂ ಬರುತ್ತದೆ, ಮುಖಕ್ಕೂ ಬಿಳಿಗೂ ನಡುವೆ ಒಂದು ಬಣ್ಣ ಸಿಗುತ್ತದೆ. ಬಾಟಲ್ ಹಸಿರು, ಮರೂನ್, ಬದನೆಕಾಯಿ ಬಣ್ಣ, ನವಿಲು ನೀಲಿ, ಸಾಸಿವೆ ಹಳದಿ, ಇವು ನಿಮಗೆ ತುಂಬಾ ಚೆನ್ನಾಗಿ ಒಪ್ಪುತ್ತವೆ. ಕಣ್ಣು ಕುಕ್ಕುವ ಗುಲಾಬಿ, ಗಿಣಿ ಹಸಿರು ಬೇಡ. ಲೈಟ್ ಬಿದ್ದಾಗ ಆ ಬಣ್ಣ ಗಲ್ಲದ ಅಡಿಗೆ ಹೊಡೆಯುತ್ತದೆ, ಕುತ್ತಿಗೆ ಹಸಿರಾದರೆ ತೆಗೆಯುವುದು ಕಷ್ಟ. ತೀರಾ ಸಣ್ಣ ಗೆರೆ, ಸಣ್ಣ ಚೌಕಳಿಯೂ ಬೇಡ. ಸ್ಕ್ರೀನ್ ಮೇಲೆ ನೋಡುವಾಗ ಅವು ಅಲೆ ಅಲೆಯಾಗಿ ಕುಣಿದ ಹಾಗೆ ಕಾಣುತ್ತವೆ. ಹಿಂದಿನ ಪರದೆ ಯಾವ ಬಣ್ಣ ಅಂತ ಆಸ್ಪತ್ರೆಯಲ್ಲಿ ಇವತ್ತೇ ಕೇಳಿ ಇಟ್ಟುಕೊಳ್ಳಿ. ಕಪ್ಪು ಪರದೆ ಇದ್ದರೆ ಕೂದಲು ಅದರಲ್ಲೇ ಕಲೆತುಹೋಗುತ್ತದೆ, ಹಿಂದಿನಿಂದ ಕೂದಲಿಗೆ ಒಂದು ಲೈಟ್ ಹಾಕಿ ಅಂತ ಕೇಳಬಹುದು.

ಕನ್ನಡಕ ತೆಗೆಯಬೇಡಿ. ದಿನಾ ಹಾಕುವವರು ತೆಗೆದರೆ ಮೂಗಿನ ಎರಡೂ ಕಡೆ ಗುರುತು ಕಾಣುತ್ತದೆ, ಕಣ್ಣೂ ಕಿರಿದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನಿಮ್ಮನ್ನು ಕನ್ನಡಕದಲ್ಲೇ ಎಲ್ಲರೂ ನೋಡಿರುವುದು, ಅಲ್ವಾ. ಕಿವಿಯ ಹತ್ತಿರ ಕಡ್ಡಿಯನ್ನು ಒಂದಿಷ್ಟು ಮೇಲೆತ್ತಿ ಕೂದಲಿನ ಮೇಲೆ ಕೂರಿಸಿ. ಎದುರಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಆದರೆ ಗಾಜು ಸ್ವಲ್ಪ ಕೆಳಗೆ ಮುಖ ಮಾಡುತ್ತದೆ, ಲೈಟ್ ನೆಲದ ಕಡೆ ಹೋಗುತ್ತದೆ. ಇವತ್ತೇ ಕನ್ನಡಿ ಮುಂದೆ ಟ್ಯೂಬ್‌ಲೈಟ್ ಹಾಕಿಕೊಂಡು ಮಾಡಿ ನೋಡಿ. ಫೋಟೋಗ್ರಾಫರ್ ಲೈಟನ್ನು ಒಂದು ಅಡಿ ಎತ್ತರ ಮಾಡಿ ಪಕ್ಕಕ್ಕೆ ಸರಿಸಿದರೆ ಇನ್ನೂ ಸುಲಭ. ಬಿಸಿಲಿಗೆ ಕಪ್ಪಾಗುವ ಗಾಜು ನಿಮ್ಮದಾಗಿದ್ದರೆ ಫೋಟೋಗೆ ಮುಂಚೆ ಹತ್ತು ಹದಿನೈದು ನಿಮಿಷ ಹೊರಗೆ ಹೋಗಬೇಡಿ. ಮತ್ತೆ ಸೆರಗಿನ ತುದಿಯಲ್ಲಿ ಒರೆಸಬೇಡಿ, ಎಳೆ ಅಂಟಿಕೊಳ್ಳುತ್ತದೆ. ಕನ್ನಡಕದ ಡಬ್ಬಿಯಲ್ಲಿ ಕೊಟ್ಟಿರುತ್ತಾರಲ್ಲ, ಆ ಬಟ್ಟೆ ತೆಗೆದುಕೊಂಡು ಹೋಗಿ.

ಇನ್ನು ಮುಖ ಬಿಗಿಯುವುದು. ಫೋಟೋ ಅಂದ ತಕ್ಷಣ ಎಲ್ಲರೂ ಗಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಆಗ ಇಲ್ಲದ ಜೋಡು ಗಲ್ಲ ಬರುತ್ತದೆ. ಬಾಗಿಲ ಹತ್ತಿರ ಯಾರು ಬಂದರು ಅಂತ ಕಿಟಕಿಯಿಂದ ಇಣುಕುತ್ತೀರಲ್ಲ, ಹಾಗೆ ಹಣೆಯನ್ನು ಕ್ಯಾಮೆರಾ ಕಡೆ ಒಂದಿಂಚು ತನ್ನಿ, ಗಲ್ಲ ಸ್ವಲ್ಪ ಇಳಿಸಿ. ಮಾಡುವಾಗ ವಿಚಿತ್ರ ಅನ್ನಿಸುತ್ತದೆ. ಫೋಟೋದಲ್ಲಿ ದವಡೆಯ ಗೆರೆ ಚೆನ್ನಾಗಿ ಬರುತ್ತದೆ. ಮೈ ಸ್ವಲ್ಪ ಓರೆಯಾಗಿರಲಿ, ಮುಖ ಮಾತ್ರ ನೇರ. ಉಸಿರು ಹಿಡಿದುಕೊಂಡರೆ ಭುಜ ಮೇಲೇರಿ ಕುತ್ತಿಗೆ ಮಾಯವಾಗುತ್ತದೆ, ಆದ್ದರಿಂದ ಕ್ಲಿಕ್ ಆಗುವ ಮುಂಚೆ ಬಾಯಿಂದ ನಿಧಾನವಾಗಿ ಉಸಿರು ಬಿಡಿ.

ನಗು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದಿಟ್ಟರೆ ಸತ್ತುಹೋಗುತ್ತದೆ. ಹಿಡಿದಿಡಬೇಡಿ. ಕಣ್ಣು ಮುಚ್ಚಿ, ಯಾರನ್ನಾದರೂ ನೆನೆಸಿಕೊಳ್ಳಿ, ಕಣ್ಣು ಬಿಟ್ಟ ಕೂಡಲೇ ಅವರು ಎದುರಿಗೆ ಇದ್ದಾರೆ ಅಂತ ನೋಡಿ. ನಿಮಗೆ ಇನ್ನೊಂದು ದಾರಿ ಇದೆ. ನೀವು ರೋಗಿಗಳ ಹತ್ತಿರ ಚೆನ್ನಾಗಿ ನಗುತ್ತೇನೆ ಅಂದಿದ್ದೀರಿ. ಫೋಟೋಗ್ರಾಫರ್‌ಗೆ ನಿನ್ನೆ ರಾತ್ರಿ ಏನು ಊಟ ಮಾಡಿದಿರಿ ಅಂತ ಕೇಳಿ, ಅವರು ಹೇಳುತ್ತಿರುವಾಗ ಅವರು ಕ್ಲಿಕ್ ಮಾಡಲಿ. ನಾನಾಗಿದ್ದರೆ ಹಾಗೇ ತೆಗೆಯುತ್ತಿದ್ದೆ.


ಇಳಕಲ್_ಸೆರಗು ಬರೆದದ್ದು:

ಅಕ್ಕ, ನಿಮ್ಮ ಫೋಟೋ ಕತೆ ಓದಿ ಹೊಟ್ಟೆ ಚುರ್ ಅಂದಿತು. ಹುಬ್ಬಳ್ಳಿಯಲ್ಲಿ ನನ್ನ ಪಾರ್ಲರ್‌ಗೆ ಬರುವ ಹುಡುಗಿಯರಲ್ಲಿ ಇದೇ ಕತೆ ಎಷ್ಟು ಜನ ಹೇಳಿದ್ದಾರೋ.

ಮೈಸೂರು ಸರ್ ಬೆಳಕಿನ ವಿಷಯ ಹೇಳಿದ್ದಾರೆ, ನಾನು ಮುಖ ಮತ್ತು ಸೀರೆ ಬಗ್ಗೆ ಹೇಳುತ್ತೇನೆ. ಈ ವಾರ ಹೊಸ ಕ್ರೀಮ್, ಹೊಸ ಫೇಶಿಯಲ್, ಬ್ಲೀಚ್ ಏನೂ ಬೇಡ. ಚರ್ಮಕ್ಕೆ ಹಿಡಿಸದಿದ್ದರೆ ಗುರುವಾರದೊಳಗೆ ಇಳಿಯುವುದಿಲ್ಲ. ಐಬ್ರೋ ಮಾಡಿಸುವುದಿದ್ದರೆ ಸೋಮವಾರವೇ ಮಾಡಿಸಿ, ಕೆಂಪಗಾದದ್ದು ಮಂಗಳವಾರ ಸರಿಹೋಗುತ್ತದೆ. ತಲೆಗೆ ಎಣ್ಣೆ ಹಚ್ಚುವವರಾದರೆ ಬುಧವಾರ ತಲೆಸ್ನಾನ ಮಾಡಿ, ಗುರುವಾರ ಎಣ್ಣೆ ಮುಟ್ಟಬೇಡಿ. ಬೈತಲೆಯ ಹತ್ತಿರ ಎಣ್ಣೆ ಇದ್ದರೆ ಲೈಟ್‌ಗೆ ಅಲ್ಲಿ ಬೋಳಾದ ಹಾಗೆ ಹೊಳೆಯುತ್ತದೆ. ಅದೇ ದಿನ ತಲೆಸ್ನಾನ ಮಾಡಿದರೆ ಸಣ್ಣ ಕೂದಲು ಎದ್ದು ನಿಲ್ಲುತ್ತವೆ, ಅದಕ್ಕೇ ಹಿಂದಿನ ದಿನ ಅಂದದ್ದು. ತುಟಿ ಒಡೆದಿದ್ದರೆ ರಾತ್ರಿ ತುಪ್ಪ ಹಚ್ಚಿ ಮಲಗಿ.

ಪೌಡರ್ ವಿಷಯದಲ್ಲಿ ನನ್ನ ಮಾತು ಕೇಳಿ. ನಾವೆಲ್ಲ ಫೋಟೋ ಅಂದರೆ ಟಾಲ್ಕಂ ಪೌಡರ್ ಬಳಿದುಕೊಂಡು ಬೆಳೆದವರು. ಕಣ್ಣಿಗೆ ಏನೂ ಕಾಣುವುದಿಲ್ಲ, ಫ್ಲ್ಯಾಶ್ ಬಿದ್ದಾಗ ಮುಖ ಬೂದಿ ಬಳಿದ ಹಾಗೆ ಬರುತ್ತದೆ, ಕುತ್ತಿಗೆ ಗೆರೆಗಳಲ್ಲಿ ಬಿಳಿ ದಾರ ಇಟ್ಟ ಹಾಗೆ ಕಾಣುತ್ತದೆ. ಸನ್‌ಸ್ಕ್ರೀನ್‌ನಲ್ಲೂ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇದ್ದರೆ ಇದೇ ಪಾಡು. ಟ್ಯೂಬ್ ಹಿಂದೆ ಬರೆದಿರುತ್ತದೆ, ಓದಿ ನೋಡಿ. ನಿಮ್ಮ ಹತ್ತಿರ ಇರುವುದನ್ನೇ ಹಚ್ಚಿಕೊಂಡು ಯಾರಿಗಾದರೂ ಹೇಳಿ ಕತ್ತಲೆ ಕೋಣೆಯಲ್ಲಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಸಿ, ಸತ್ಯ ಅಲ್ಲೇ ಗೊತ್ತಾಗುತ್ತದೆ. ಫೌಂಡೇಶನ್ ಹಾಕಲೇಬೇಕು ಅಂತಿಲ್ಲ. ಹಾಕಿದರೆ ಕೈ ಮೇಲೆ ನೋಡಿ ಕೊಳ್ಳಬೇಡಿ, ದವಡೆ ಮೇಲೆ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ, ಚರ್ಮದಲ್ಲಿ ಮರೆಯಾಗಬೇಕು. ಒಂದು ಟಿಶ್ಯೂ ಇಟ್ಟುಕೊಳ್ಳಿ. ಹಣೆ, ಮೂಗಿನ ಪಕ್ಕ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಬೊಟ್ಟು ಇಡುವವರಾದರೆ ಅವತ್ತು ಸ್ಟಿಕ್ಕರ್ ಬೊಟ್ಟು ಇಟ್ಟುಕೊಳ್ಳಿ, ಮಖಮಲ್ಲಿನ ಹಾಗೆ ಇರುವುದು. ಕುಂಕುಮದ ಪುಡಿ ಲೈಟಿನ ಬಿಸಿಗೆ ಒಂದೆರಡು ಹರಳು ಮೂಗಿನ ಮೇಲೆ ಉದುರುತ್ತದೆ, ದೊಡ್ಡದು ಮಾಡಿ ನೋಡಿದಾಗಲೇ ಅದು ಕಣ್ಣಿಗೆ ಬೀಳುವುದು. ಹರಳಿನ ಬೊಟ್ಟು ಫ್ಲ್ಯಾಶ್‌ಗೆ ಮಿಂಚುತ್ತದೆ, ಅದೂ ಬೇಡ. ಕನ್ನಡಕದ ಮೇಲಿನ ಅಂಚಿಗೆ ತಾಗದ ಹಾಗೆ ಒಂದು ಅಕ್ಕಿಕಾಳಿನಷ್ಟು ಮೇಲೆ ಇಡಿ. ಮೂಗುಬೊಟ್ಟು ಇದ್ದರೆ ಇರಲಿ, ಚೆನ್ನಾಗಿರುತ್ತದೆ. ತಾಳಿ ಸರ ಎರಡೂ ಕಡೆ ಸಮ ಇದೆಯಾ ನೋಡಿಕೊಳ್ಳಿ, ಇಲ್ಲ ಪೂರ್ತಿ ಒಳಗೆ ಹಾಕಿಬಿಡಿ. ಅರ್ಧ ಹೊರಗೆ ಅರ್ಧ ಒಳಗೆ ಇದ್ದರೆ ನೋಡುವವರ ಕಣ್ಣು ಅಲ್ಲೇ ಹೋಗುತ್ತದೆ. ಮಲ್ಲಿಗೆ ಮುಡಿದರೆ ಎದುರಿನಿಂದ ಹೂವಾಗಿ ಕಾಣುವುದಿಲ್ಲ, ಕಿವಿ ಪಕ್ಕದಲ್ಲಿ ಎರಡು ಬಿಳಿ ಚುಕ್ಕೆ ಅಷ್ಟೇ.

ಸೀರೆಗೆ ಗಂಜಿ ಹಾಕಿದ ಕಾಟನ್ ಬೇಡ, ಕೋಟಿನ ಒಳಗೆ ಭುಜದಲ್ಲಿ ಉಬ್ಬುತ್ತದೆ. ಮೈಸೂರು ಸಿಲ್ಕ್ ಕ್ರೇಪ್ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, ಮೈಗೆ ಒಪ್ಪಿ ಕೂರುತ್ತದೆ, ಸುಕ್ಕೂ ಕಡಿಮೆ. ಸೆರಗಿನ ನೆರಿಗೆ ಮನೆಯಲ್ಲೇ ಹಿಡಿದು ಇಸ್ತ್ರಿ ಮಾಡಿ ಪಿನ್ನು ಹಾಕಿ ಇಡಿ. ಪಿನ್ನು ಭುಜದ ಮೇಲಲ್ಲ, ಎರಡು ಇಂಚು ಹಿಂದೆ. ಹೆಡ್‌ಶಾಟ್‌ನಲ್ಲಿ ಕಾಣುವುದು ಎದೆಯಿಂದ ಮೇಲೆ ಮಾತ್ರ, ಅದಕ್ಕೇ ಇಡೀ ಸೀರೆಗಿಂತ ಬ್ಲೌಸಿನ ಕುತ್ತಿಗೆ ಮುಖ್ಯ. ಕೋಟಿಗೂ ಕಾಲರ್‌ಗೆ ಇಸ್ತ್ರಿ ಆಗಿರಲಿ. ಬ್ಯಾಗಿನಲ್ಲಿ ನಾಲ್ಕು ಸೇಫ್ಟಿ ಪಿನ್ನು, ಬಾಚಣಿಗೆ, ಚಿಕ್ಕ ಕನ್ನಡಿ. ಕಪ್ಪು ಬಟ್ಟೆಗೆ ಅಂಟಿದ ಎಳೆ ತೆಗೆಯಲು ಒಂದು ತುಂಡು ಅಗಲ ಟೇಪ್ ಸಾಕು, ಬೆರಳಿಗೆ ಸುತ್ತಿ ಒತ್ತಿದರೆ ಬಂದುಬಿಡುತ್ತದೆ.

ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೆ ಬೆಳಗ್ಗೆ ಕಣ್ಣಿನ ಅಡಿ ಊದಿಕೊಳ್ಳುತ್ತದೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.


ಜಯನಗರ_ನಾಲ್ಕನೇಬ್ಲಾಕ್ ಬರೆದದ್ದು:

ನಾನು ಎಚ್‌ಆರ್ ಕೆಲಸದಲ್ಲಿ ಇರುವವನು. ಒಂದೇ ವಿಷಯ ಸೇರಿಸುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಫೋಟೋ ದುಂಡಗೆ ಕತ್ತರಿಸಿ ತೋರಿಸುತ್ತದೆ. ನಾಲ್ಕು ಮೂಲೆಯೂ ಹೋಗುತ್ತದೆ. ತಲೆಯ ಮೇಲೆ ಜಾಗ ಬಿಡದೆ ತೆಗೆದಿದ್ದರೆ ಜಡೆ, ತುರುಬು ಕತ್ತರಿಸಿಹೋಗುತ್ತದೆ. ಬೋರ್ಡಿಗೆ ಬೇಕಾದ ಹಾಗೆ ಉದ್ದಕ್ಕೆ ತೆಗೆದ ಮೇಲೆ, ಸುತ್ತ ಜಾಗ ಬಿಟ್ಟು ಇನ್ನೊಂದೆರಡು ತೆಗೆಯಲು ಕೇಳಿ. ಅಳತೆ ಕನಿಷ್ಠ 400×400 ಪಿಕ್ಸೆಲ್ ಇರಬೇಕು, ಮುಖ ಆ ವೃತ್ತದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಮೊಬೈಲ್‌ನಲ್ಲಿ ಚಿಕ್ಕದಾಗಿ ನೋಡಿದಾಗಲೂ ಗುರುತು ಸಿಗುತ್ತದೆ. ಇನ್ನೊಂದು, ವಾಟ್ಸ್‌ಆಪ್‌ನಲ್ಲಿ ಸುಮ್ನೆ ಫೋಟೋ ಆಗಿ ಕಳಿಸಿಕೊಳ್ಳಬೇಡಿ, ಗಾತ್ರ ಇಳಿದು ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲ ಡ್ರೈವ್ ಲಿಂಕ್ ತೆಗೆದುಕೊಳ್ಳಿ.


ತುಮಕೂರು_ಸುಬ್ಬು ಬರೆದದ್ದು:

ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ, ಹೊಸದಾಗಿ ಕೇಳುವುದು ಬೇಡ ಅಂತ. ನನಗೆ ಈಗಷ್ಟೇ ಕೆಲಸ ಸಿಕ್ಕಿದೆ, ಕಂಪನಿಯವರು ನಿಮ್ಮ ಫೋಟೋ ನೀವೇ ಕಳಿಸಿ ಅಂದಿದ್ದಾರೆ. ಸ್ಟುಡಿಯೋಗೆ ಹೋಗುವಷ್ಟು ದುಡ್ಡು ಈ ತಿಂಗಳು ಇಲ್ಲ. ಮೊಬೈಲ್‌ನಲ್ಲಿ ತೆಗೆದರೆ ಮೂಗು ದಪ್ಪ ಬರುತ್ತದೆ. ಗಡ್ಡ ಇದೆ, ಬೋಳಿಸಬೇಕಾ? ಕೋಟು ಸ್ನೇಹಿತನದು ಸಿಗುತ್ತದೆ. ಇದನ್ನೇ ಮುಂದೆ ಅಮೆರಿಕ ವೀಸಾಕ್ಕೂ ಕೊಡಬಹುದಾ?


ಬೆಳಕು_ನೆರಳು ಬರೆದದ್ದು:

ಸುಬ್ಬು, ಖಂಡಿತ ಮೊಬೈಲ್‌ನಲ್ಲೇ ಆಗುತ್ತದೆ. ಮೂಗು ದಪ್ಪ ಬರುವುದು ಹತ್ತಿರದಿಂದ ತೆಗೆಯುವುದಕ್ಕೆ. ಕೈ ಚಾಚಿ ಸೆಲ್ಫಿ ತೆಗೆದರೆ ಕ್ಯಾಮೆರಾಕ್ಕೆ ಮೂಗು ತೀರಾ ಹತ್ತಿರ, ಕಿವಿ ದೂರ. ಅದಕ್ಕೇ ಹಾಗೆ. ನಾವು ಸ್ಟುಡಿಯೋದಲ್ಲಿ 85 ಎಂಎಂನಿಂದ 135 ಎಂಎಂ ಲೆನ್ಸ್ ಹಾಕಿ ಆರೇಳು ಅಡಿ ದೂರ ನಿಲ್ಲುತ್ತೇವೆ. ನೀವೂ ಮೊಬೈಲನ್ನು ಸ್ನೇಹಿತನ ಕೈಗೆ ಕೊಟ್ಟು ಆರು ಅಡಿ ದೂರ ನಿಲ್ಲಿಸಿ, ಹಿಂದಿನ ಕ್ಯಾಮೆರಾದಲ್ಲಿ 2ಎಕ್ಸ್ ಜೂಮ್ ಇಟ್ಟು, ಲೆನ್ಸು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಹಿಡಿಯಲು ಹೇಳಿ. ಲೆನ್ಸ್ ಒರೆಸಿ, ಜೇಬಿನಲ್ಲಿ ಇದ್ದ ಮೊಬೈಲಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ನೇರ ಬಿಸಿಲು ಬೀಳದ ಕಿಟಕಿ ಹುಡುಕಿ, ಅದರ ಎದುರು ಮೂರು ಅಡಿ ದೂರ ನಿಲ್ಲಿ, ಒಳಗಿನ ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಬೆಳಕು ಒಂದು ಬಣ್ಣ, ಟ್ಯೂಬ್‌ಲೈಟ್ ಇನ್ನೊಂದು ಬಣ್ಣ, ಎರಡೂ ಸೇರಿದರೆ ಅರ್ಧ ಮುಖ ಬೇರೆ ಬಣ್ಣ ಆಗುತ್ತದೆ. ನೆರಳು ಬಿದ್ದ ಕಡೆ ಯಾರಾದರೂ ಬಿಳಿ ಪಂಚೆ ಹರಡಿ ಹಿಡಿದರೆ ಅದೇ ರಿಫ್ಲೆಕ್ಟರ್, ಬೆಳಕನ್ನು ಮುಖಕ್ಕೆ ವಾಪಸ್ ಹೊಡೆಯುತ್ತದೆ. ಬ್ಯೂಟಿ ಮೋಡ್ ಆಫ್ ಮಾಡಿ.

ಗಡ್ಡ ಇರಲಿ, ನಾಳೆಯೂ ಇಟ್ಟುಕೊಳ್ಳುವ ಗಡ್ಡ ಆದರೆ. ಎರಡು ದಿನ ಮುಂಚೆ ಅಂಚು ತೀಡಿಸಿ. ಬೇರೆಯವರ ಕೋಟು ಭುಜಕ್ಕೆ ಸರಿಯಾಗಿ ಕೂತರೆ ಮಾತ್ರ ಹಾಕಿ. ಭುಜದ ಹೊಲಿಗೆ ತೋಳಿನ ಮೇಲೆ ಜಾರುತ್ತಿದ್ದರೆ ಚೆನ್ನಾಗಿ ಇಸ್ತ್ರಿ ಮಾಡಿದ ತಿಳಿ ನೀಲಿ ಶರ್ಟೇ ಮೇಲು. ವೀಸಾಕ್ಕೆ ಇದು ನಡೆಯುವುದಿಲ್ಲ. ಅಲ್ಲಿ 2×2 ಇಂಚು, ಹಿಂದೆ ಬಿಳಿ, ಮುಖ ನೇರ ಇರಬೇಕು, 2016ರ ನವೆಂಬರ್‌ನಿಂದ ಕನ್ನಡಕಕ್ಕೂ ಅವಕಾಶ ಇಲ್ಲ.


ಸ್ಟುಟ್‌ಗಾರ್ಟ್_ಕನ್ನಡಿಗ ಬರೆದದ್ದು:

ಒಂದು ಮಾತು. ಹೊರದೇಶಕ್ಕೆ ಅರ್ಜಿ ಹಾಕುವವರು ಹೆಡ್‌ಶಾಟ್ ಚೆನ್ನಾಗಿ ಬಂದಿದೆ ಅಂತ ರೆಸ್ಯೂಮೆ ಮೇಲೆ ಹಾಕುವ ಮುಂಚೆ ಯೋಚಿಸಿ. ಅಮೆರಿಕ, ಬ್ರಿಟನ್‌ಗಳಲ್ಲಿ ರೆಸ್ಯೂಮೆಗೆ ಫೋಟೋ ಹಾಕುವ ಪದ್ಧತಿ ಇಲ್ಲ. ಇಲ್ಲಿ ಜರ್ಮನಿಯಲ್ಲಿ ಬಹಳ ಹಿಂದಿನಿಂದ ಹಾಕುತ್ತಿದ್ದರು, ಅದಕ್ಕೆಂದೇ ಸ್ಟುಡಿಯೋಗಳಲ್ಲಿ ಅರ್ಜಿ ಫೋಟೋ ಅಂತ ಬೇರೆ ದರಪಟ್ಟಿ ಇರುತ್ತದೆ. 2006ರಲ್ಲಿ ತಾರತಮ್ಯ ತಡೆಯುವ ಕಾನೂನು ಬಂದ ಮೇಲೆ ಫೋಟೋ ಕಡ್ಡಾಯ ಅಲ್ಲ, ಆದರೂ ತುಂಬಾ ಜನ ಹಾಕುತ್ತಾರೆ. ನಾನು ಬಂದ ಹೊಸದರಲ್ಲಿ ಊರಿನಿಂದ ತಂದಿದ್ದ ಪಾಸ್‌ಪೋರ್ಟ್ ಸೈಜ್ ಫೋಟೋ ಸ್ಕ್ಯಾನ್ ಮಾಡಿ ಹಾಕಿದ್ದೆ. ನೀಲಿ ಹಿನ್ನೆಲೆ, ನಗುವೇ ಇಲ್ಲ. ಇಲ್ಲಿನ ಸ್ನೇಹಿತ ನೋಡಿ ಇದು ಬೇಡ ಅಂತ ತಾನೇ ಕಿಟಕಿ ಹತ್ತಿರ ನಿಲ್ಲಿಸಿ ಹೊಸದು ತೆಗೆದುಕೊಟ್ಟ. ಅವನ ಉಪಕಾರ ಮರೆಯುವುದಿಲ್ಲ.


ಪಥ್ಯದ_ಮನೆ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಫೋಟೋ ಆಯಿತು. ಏನೇನಾಯಿತು ಅಂತ ಬರೆಯುತ್ತೇನೆ, ಮುಂದೆ ಓದುವವರಿಗೆ ಉಪಯೋಗ ಆಗಲಿ.

ಬಾಟಲ್ ಹಸಿರು ಮೈಸೂರು ಸಿಲ್ಕ್ ಉಟ್ಟೆ. ಕೋಟಿನ ಗುಂಡಿ ಬಿಟ್ಟೆ. ಪೌಡರ್ ಹಚ್ಚಲಿಲ್ಲ. ಮಂಗಳವಾರ ರಾತ್ರಿ ಮಗಳು ಕತ್ತಲೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆದು ತೋರಿಸಿದಾಗ ನನ್ನ ಸನ್‌ಸ್ಕ್ರೀನ್ ನಿಜವಾಗಲೂ ಬೂದು ಬೂದಾಗಿ ಕಂಡಿತು, ಅದನ್ನೂ ಬಿಟ್ಟೆ. 11 ಗಂಟೆಗೇ ಹೋಗಿ ಕುಳಿತಿದ್ದೆ. ನನ್ನ ಮುಂಚೆ ಇದ್ದ ನರ್ಸ್‌ಗೆ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು, ನಾನೇ ಎದ್ದು ಸರಿ ಮಾಡಿದೆ, ಅಷ್ಟರಲ್ಲಿ ನನ್ನ ಭಯವೂ ಸ್ವಲ್ಪ ಇಳಿಯಿತು.

ಫೋಟೋಗ್ರಾಫರ್ ಸುಮಾರು ಮೂವತ್ತು ವಯಸ್ಸಿನ ಹುಡುಗ. ಕುಳಿತ ಕೂಡಲೇ ಹೇಳಿದೆ, ಬಣ್ಣ ತಿಳಿ ಮಾಡಬೇಡಿ, ಗಲ್ಲದ ಮೇಲಿನ ಮಚ್ಚೆ ತೆಗೆಯಬೇಡಿ ಅಂತ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಅವರು ಕ್ಯಾಮೆರಾ ಕೆಳಗೆ ಇಟ್ಟು, "ಸರಿ ಮೇಡಂ, ಹಾಗೇ ಮಾಡೋಣ" ಅಂದು ಎದ್ದು ಹೋಗಿ ಲೈಟಿನ ಮುಂದಿನ ಬಿಳಿ ಬಟ್ಟೆಯನ್ನು ನನ್ನ ಕಡೆ ಇನ್ನೂ ಹತ್ತಿರ ತಂದರು. ಕನ್ನಡಕದ ಕಡ್ಡಿ ಎತ್ತಿದರೂ ಎಡಗಡೆ ಗಾಜಿನಲ್ಲಿ ಒಂದು ಚೂರು ಹಸಿರು ಉಳಿದಿತ್ತು. ಲೈಟ್ ಎತ್ತರ ಮಾಡಿದ ಮೇಲೆ ಹೋಯಿತು. ಮೊದಲ ಹತ್ತು ಫೋಟೋ ಬಿಗಿಯಾಗಿಯೇ ಬಂದವು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೈಸೂರು ಸರ್ ಹೇಳಿದ ಹಾಗೆ ಕೇಳಿದೆ, ನಿನ್ನೆ ರಾತ್ರಿ ಏನು ಊಟ ಮಾಡಿದಿರಿ ಅಂತ. ದಾವಣಗೆರೆಗೆ ಬಂದ ಮೇಲೆ ಇನ್ನೇನು ಮೇಡಂ, ರಾತ್ರಿ ಎರಡು ಬೆಣ್ಣೆ ದೋಸೆ, ಬೆಳಗ್ಗೆ ಇನ್ನೆರಡು ಅಂದರು. ನಾನು ಯಾವ ಹೋಟೆಲು, ಬೆಣ್ಣೆ ಎಷ್ಟು ಹಾಕಿದ್ದರು ಅಂತ ಓಪಿಡಿಯಲ್ಲಿ ಕೇಳುವ ಹಾಗೇ ಕೇಳುತ್ತಾ ಹೋದೆ, ಅವರು ಉತ್ತರ ಹೇಳುತ್ತಾ ಕ್ಲಿಕ್ ಮಾಡುತ್ತಾ ಹೋದರು. ಆರಿಸಿದ್ದು ಅದರಲ್ಲೇ ಒಂದು.

ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ತೋರಿಸಿದರು. ಕೆನ್ನೆ ಮೇಲೆ ಬೆಳಕು ಬಿದ್ದ ಕಡೆ ಚರ್ಮ ತಾಮ್ರದ ಹಾಗೆ ಹೊಳೆಯುತ್ತಿತ್ತು. ಮುಖದ ಬಣ್ಣವೂ ಕುತ್ತಿಗೆ ಬಣ್ಣವೂ ಒಂದೇ. ಮಚ್ಚೆ ಅಲ್ಲೇ ಇತ್ತು. ಕಣ್ಣಲ್ಲಿ ಕಿಟಕಿಯ ಹಾಗೆ ಒಂದು ಚಿಕ್ಕ ಚೌಕ ಬೆಳಕು. ಬಹಳ ಹೊತ್ತು ನೋಡಿದೆ.

ರಾತ್ರಿ ಅಮ್ಮನಿಗೆ ಕಳಿಸಿದೆ. ಅವರು ಬರೆಯುವುದು ಕಡಿಮೆ, ಫೋನೇ ಮಾಡಿದರು. "ನಿಮ್ಮಜ್ಜಿ ನಕ್ಕ ಹಾಗೇ ಇದೆ ಕಣೇ" ಅಂದರು. ಒಂದು ದೊಡ್ಡದು ಪ್ರಿಂಟ್ ಹಾಕಿಸಿ ಕೊಡು, ಹಾಲ್‌ನಲ್ಲಿ ಹಾಕುತ್ತೇನೆ ಅಂದಿದ್ದಾರೆ. ಸರ್, ಎಷ್ಟು ದೊಡ್ಡದು ಹಾಕಿಸಬಹುದು? ನನ್ನ ಹತ್ತಿರ ಇರುವ ಫೈಲ್ 2400×3000 ಅಂತ ತೋರಿಸುತ್ತಿದೆ.


ಬೆಳಕು_ನೆರಳು ಬರೆದದ್ದು:

ಓದಿ ತುಂಬಾ ಸಂತೋಷ ಆಯಿತು ಮೇಡಂ. ಆ ಹುಡುಗ ಲೈಟ್ ಹತ್ತಿರ ತಂದದ್ದು ಸರಿಯಾದ ಕೆಲಸ.

2400×3000 ಇದ್ದರೆ 8×10 ಇಂಚಿಗೆ ಸರಿಯಾಗಿ ಸಾಕು, ಇಂಚಿಗೆ 300 ಪಿಕ್ಸೆಲ್ ಬರುತ್ತದೆ. ಗೋಡೆಗೆ ದೂರದಿಂದ ನೋಡುವುದಾದರೆ 12×15 ಇಂಚಿನವರೆಗೂ ಹೋಗಬಹುದು. ಹೊಳೆಯುವ ಪೇಪರ್ ಬೇಡ, ಮ್ಯಾಟ್ ಕೇಳಿ. ಹಾಲ್‌ನಲ್ಲಿ ಕಿಟಕಿ ಎದುರಿಗೆ ಹಾಕಿದರೆ ಬಿಸಿಲಿಗೆ ಬಣ್ಣ ಇಳಿಯುತ್ತದೆ, ಪಕ್ಕದ ಗೋಡೆಗೆ ಹಾಕಿಸಿ. ಪ್ರಿಂಟ್ ಹಾಕುವ ಅಂಗಡಿಯವರಿಗೆ ಆಟೋ ಕರೆಕ್ಷನ್ ಆಫ್ ಮಾಡಿ ಹಾಕಲು ಹೇಳುವುದು ಮರೆಯಬೇಡಿ, ಕೆಲವು ಮೆಷಿನ್‌ಗಳು ತಾವಾಗೇ ಮುಖವನ್ನು ತಿಳಿ ಮಾಡಿಬಿಡುತ್ತವೆ. ಮೊದಲು ಒಂದು ಚಿಕ್ಕ 4×6 ಹಾಕಿಸಿ, ಹೊರಗೆ ಹಗಲು ಬೆಳಕಿಗೆ ತಂದು ನಿಮ್ಮ ಕೈ ಪಕ್ಕ ಹಿಡಿದು ನೋಡಿ. ಬಣ್ಣ ಹೊಂದಿದರೆ ಆಮೇಲೆ ದೊಡ್ಡದಕ್ಕೆ ಹೇಳಿ.